ಪುಟದ ಕೊನೆಯಲ್ಲಿದ್ದ ಫೋನ್ ನಂಬರು

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ರಿಪೇರಿ ಅಂಗಡಿಗೆ ಸೇರಿದಾಗ ಮೀಸೆ ಆಗತಾನೇ ಚಿಗುರಿತ್ತು, ಬಿಟ್ಟಾಗ ಪೂರ್ತಿ ಬೆಳ್ಳಗಾಗಿತ್ತು. ಅಲ್ಲಿಗೆ ಈಗ ಸೇರಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಸಾರ್, ಒಂದು ಸೈಟ್ ಕೆಂಪಾಗಿ ಬರ್ತೈತೆ, ಆಂಟಿವೈರಸ್ ಬಿಡ್ತಾ ಇಲ್ಲ, ಏನ್ ಮಾಡೋದು?" ಎಂದು ಕೇಳುತ್ತಾರೆ. ಏನು ಮಾಡಬೇಕೆಂದು ಎರಡೇ ಮಾತಿನಲ್ಲಿ ಹೇಳಬಹುದು, ಹೇಳುತ್ತೇನೆ ಕೂಡ. ಆದರೆ ಆ ಎರಡು ಮಾತನ್ನು ನಾನು ಹೇಗೆ ಕಲಿತೆ ಎಂಬುದನ್ನು ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಬರಹದಲ್ಲಿ ನನ್ನ ಹಿರಿಮೆ ಏನೂ ಇಲ್ಲ. ಎಷ್ಟು ಕಂಪ್ಯೂಟರ್ ಸರಿಮಾಡಿದೆ ಎಂಬುದು ನನಗೇ ನೆನಪಿಲ್ಲ. ಮೊಳಕಾಲ್ಮುರಿನ ಒಬ್ಬ ಹೆಣ್ಣುಮಗಳು ಮೋಸಗಾತಿ ಎಂದು ಊರೂರಿನ ಕಂಪ್ಯೂಟರುಗಳು ಹೇಳುವಂತೆ ಮಾಡಿದವನು ನಾನು. ಅದು ಗೊತ್ತಾದ ಮೇಲೂ ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ. ಮಿಕ್ಕಿದ್ದೆಲ್ಲ ಆ ಮಾತಿಗೆ ದಾರಿ ಅಷ್ಟೇ.

ನನ್ನ ಹೆಸರು ಪಾಲಯ್ಯ. ಸಿದ್ದಾಪುರದ ಹತ್ತಿರದ ಹಟ್ಟಿ ನಮ್ಮದು. ಅಪ್ಪ ಕುರಿ ಕಾಯುತ್ತಿದ್ದರು. ಬ್ರಹ್ಮಗಿರಿಯ ಬಂಡೆಗಳ ನಡುವೆ ಮರಿ ಹುಡುಕುತ್ತ ಬೆಳೆದವನಿಗೆ ಯಂತ್ರದ ಹುಚ್ಚು ಹೇಗೆ ಹತ್ತಿತೋ ತಿಳಿಯದು. ಚಳ್ಳಕೆರೆಯ ಅಂಗಡಿಯಲ್ಲಿ ಮೊದಲು ಮುಟ್ಟಿದ್ದು ಟೈಪ್‌ರೈಟರು. ಯಜಮಾನರು ರಾಜಶೇಖರಪ್ಪ ಬಿಳಿ ಅಂಗಿಯ ಮನುಷ್ಯ, ಕೈಗೆ ಎಣ್ಣೆ ಅಂಟಿದರೂ ಅಂಗಿಗೆ ಅಂಟದ ಹಾಗೆ ಕೆಲಸ ಮಾಡುತ್ತಿದ್ದರು. ಕಂಪ್ಯೂಟರುಗಳು ಬಂದಾಗ ಅವರು ಬೆಂಗಳೂರಿಗೆ ಹೋಗಿ ಹದಿನೈದು ದಿನ ಕಲಿತು ಬಂದು, ಕಲಿತದ್ದನ್ನು ನನಗೆ ಒಂದು ವಾರದಲ್ಲಿ ಹೇಳಿಕೊಟ್ಟರು. "ಲೇ ಪಾಲಯ್ಯ, ಇದಕ್ಕೆ ಎಣ್ಣೆ ಬಿಡಂಗಿಲ್ಲ, ಅಷ್ಟು ನೆನಪಿಟ್ಕೋ. ಉಳಿದಿದ್ದು ತಾನಾಗೇ ಬರ್ತೈತೆ" ಎಂದರು. ಉಳಿದದ್ದು ತಾನಾಗಿ ಬರಲಿಲ್ಲ, ಬಯ್ಯಿಸಿಕೊಂಡು ಬಂತು.

ಆಗ ಇಂಟರ್‌ನೆಟ್ ಎಲ್ಲ ಕಡೆ ಇರಲಿಲ್ಲ. ಆಂಟಿವೈರಸ್ಸಿಗೆ ಹೊಸ ವೈರಸ್ಸುಗಳ ಗುರುತನ್ನು ಕಲಿಸಬೇಕಾದರೆ ಸಿ.ಡಿ. ಹಿಡಿದುಕೊಂಡು ಹೋಗಬೇಕು. ತಿಂಗಳಿಗೊಮ್ಮೆ ನಾನು ತಳುಕು ದಾಟಿ ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ಸಿ.ಡಿ.ಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕುಳಿತ ಮುದುಕಿ ಅದೇನೆಂದು ಕೇಳಿದರು. ಹೇಗೆ ವಿವರಿಸುವುದೆಂದು ತೋಚದೆ "ಔಷಧಿ ಕಣವ್ವಾ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಂಡಿ ನೋವಿಗೂ ಆಗ್ತೈತೇನಪ್ಪಾ?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ಮೊಳಕಾಲ್ಮುರಿನಲ್ಲಿ ನೇಕಾರರ ಒಂದು ಸಂಘದ ಕಂಪ್ಯೂಟರುಗಳು ನಮ್ಮ ಉಸ್ತುವಾರಿಯಲ್ಲಿದ್ದವು. ನನ್ನ ಮೊದಲ ದೊಡ್ಡ ತಪ್ಪು ಆದದ್ದು ಅಲ್ಲಿ. ಸೀರೆಯ ಅಂಚು, ಸೆರಗುಗಳ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆಯುತ್ತಿದ್ದ ಹಿರಿಯರೊಬ್ಬರಿದ್ದರು. ಅವರು ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಆಗಿತ್ತು. ಇನ್ನು ಇದೇಕೆ ಎಂದು ಕಾಗದಗಳನ್ನು ಸೀರೆ ಸುತ್ತುವುದಕ್ಕೆ, ಕಪಾಟಿನಲ್ಲಿ ಹಾಸುವುದಕ್ಕೆ ಬಳಸಿ ಮುಗಿಸಿದ್ದರು. ಒಂದು ದಿನ ಹೊಸ ಪ್ರಿಂಟರು ಜೋಡಿಸುವಾಗ ಆಂಟಿವೈರಸ್ ಅಡ್ಡ ಬರುತ್ತಿದೆಯೆಂದು ಅದನ್ನು ಆರಿಸಿದೆ. ಪ್ರಿಂಟರು ಓಡಿತು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ, ಆಂಟಿವೈರಸ್ಸನ್ನು ಮತ್ತೆ ಹಚ್ಚಲಿಲ್ಲ. ಆ ವಾರವೇ ಯಾರದೋ ಪೆನ್ ಡ್ರೈವಿನಿಂದ ಬಂದ ವೈರಸ್ಸು ನಕ್ಷೆಗಳನ್ನೆಲ್ಲ ತಿಂದುಹಾಕಿತು.

ಆ ಹಿರಿಯರಿಗೆ ಅಷ್ಟು ಹೊತ್ತಿಗೆ ಕಣ್ಣು ಮಂಜಾಗಿತ್ತು. ಮತ್ತೆ ಬರೆಯಲು ಆಗುತ್ತಿರಲಿಲ್ಲ. ನನ್ನನ್ನು ಅವರು ಬಯ್ಯಲಿಲ್ಲ. ಕಂಪ್ಯೂಟರಿನ ಮುಂದೆ ಕೂತು, "ನವಿಲಾದ್ರೂ ಉಳ್ದೈತಾ ನೋಡಪ್ಪಾ" ಎಂದು ಎರಡು ಮೂರು ಸಲ ಕೇಳಿದರು. ನವಿಲೂ ಉಳಿದಿರಲಿಲ್ಲ. ಅಂಗಡಿಗೆ ಬಂದು ಹೇಳಿದಾಗ ರಾಜಶೇಖರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೋಪ ಮಾಡ್ಕೊಳ್ಳೋಕೂ ಆಗ್ತಿಲ್ಲ ಕಣಲೇ ನಂಗೆ" ಎಂದರು. ಅವರು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ನಾನು ಬದಲಾದೆ. ಆಂಟಿವೈರಸ್ಸಿಗೆ ಗುಟ್ಟಿನ ಪದ ಹಾಕಿ ಬೀಗ ಬಡಿಯುವುದು, ಯಾರೇ ಕೇಳಿದರೂ ತೆಗೆಯದಿರುವುದು ನನ್ನ ಪದ್ಧತಿಯಾಯಿತು. ಕೆಂಪು ಪುಟ ಬಂತೆಂದರೆ ಅಲ್ಲಿ ಕಳ್ಳ ಇದ್ದೇ ಇದ್ದಾನೆ ಎಂದು ನಂಬಿದೆ. ಮೊದಲೇ ಮೂಗಿನ ತುದಿಯಲ್ಲೇ ಕೋಪ ನನಗೆ. ಆಪರೇಟರುಗಳು ಹಿಂದಿನಿಂದ ನನ್ನನ್ನು "ಬೀಗದ ಪಾಲಯ್ಯ" ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಕೆಂಪು ಪುಟವೂ ಸುಳ್ಳು ಹೇಳುತ್ತದೆ ಎಂದು ನನಗೆ ಮೊದಲು ತೋರಿಸಿಕೊಟ್ಟದ್ದು ಒಂದು ಆಯುಧ ಪೂಜೆ. ನಮ್ಮ ಹಟ್ಟಿಯ ಹತ್ತಿರದ ಒಂದು ಹೈಸ್ಕೂಲಿನಿಂದ ಫೋನ್ ಬಂತು. ಯಾವ ಸೈಟ್ ತೆರೆದರೂ ಆಂಟಿವೈರಸ್ ಅಪಾಯ ಎನ್ನುತ್ತಿದೆ, ಪರೀಕ್ಷೆಗೆ ಮಕ್ಕಳ ಹೆಸರು ಕಳಿಸಬೇಕು, ಬೇಗ ಬನ್ನಿ ಎಂದು. ಬಸ್ಸಿಳಿದವನೇ ಸ್ಟಾಫ್ ರೂಮಿನಲ್ಲಿ ನಿಂತು ಮೇಷ್ಟರುಗಳಿಗೆಲ್ಲ ಬೈದೆ. ನೋಡಬಾರದ್ದನ್ನು ನೋಡಿದ್ದೀರಿ, ಅದಕ್ಕೇ ಹೀಗಾಗಿದೆ ಎಂದೆ. ಪಾಪ, ಒಬ್ಬರು ಮೇಷ್ಟರು ತಾನು ಜಾತಕ ನೋಡಿದ್ದಾಗಿ ಒಪ್ಪಿಕೊಂಡುಬಿಟ್ಟರು.

ಕಾರಣ ಅದಾಗಿರಲಿಲ್ಲ. ಪೂಜೆಗೆಂದು ಕಂಪ್ಯೂಟರಿನ ವೈರೆಲ್ಲ ಕಿತ್ತು, ಒರೆಸಿ, ವಿಭೂತಿ ಹಚ್ಚಿ, ಹೂವು ಮುಡಿಸಿ, ರಜೆ ಮುಗಿಯುವ ತನಕ ಹಾಗೇ ಬಿಟ್ಟಿದ್ದರು. ಒಳಗಿನ ಚಿಕ್ಕ ಬ್ಯಾಟರಿ ಸತ್ತಿತ್ತು. ಮತ್ತೆ ಹಚ್ಚಿದಾಗ ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಪ್ರತಿ ಸೈಟಿಗೂ ಒಂದು ಗುರುತಿನ ಪತ್ರವಿರುತ್ತದೆ, ಅದಕ್ಕೊಂದು ಅವಧಿಯಿರುತ್ತದೆ. ತಾರೀಖು ತಪ್ಪಿದ ಕಂಪ್ಯೂಟರಿನ ಕಣ್ಣಿಗೆ ಆ ಪತ್ರಗಳೆಲ್ಲ ಖೋಟಾ. ತಾರೀಖು ತಿದ್ದಿದೆ, ಕೆಂಪೆಲ್ಲ ಹೋಯಿತು. ಹೆಡ್ಮಿಸ್ ಚಹಾ ಕೊಡುತ್ತ, "ಕ್ಯಾಲೆಂಡರ್ ನೋಡೋಕೆ ಚಳ್ಳಕೆರೆಯಿಂದ ಬಂದ್ರಾ ಪಾಲಯ್ಯನೋರೆ?" ಎಂದರು. ಜಾತಕದ ಮೇಷ್ಟರು ಆಮೇಲೆ ನನ್ನೊಡನೆ ಮಾತಾಡಲಿಲ್ಲ.

ಅಪ್ಪನಿಗೆ ಈ ಕಥೆ ಹೇಳಿದೆ. ಆಗಿನ್ನೂ ಅವರಿದ್ದರು. ನಮ್ಮ ಕುರಿರೊಪ್ಪದ ನಾಯಿ ತೋಳಕ್ಕೂ ಬೊಗಳುತ್ತಿತ್ತು, ಮನೆಗೆ ಬಂದ ನೆಂಟರಿಗೂ ಬೊಗಳುತ್ತಿತ್ತು. "ನಾಯಿ ಬೊಗಳಿದಾಗೆಲ್ಲ ನಾನು ಎದ್ದು ಹೋಗಿ ಯಾರು ಅಂತ ನೋಡ್ತಿದ್ದೆ ಕಣಪ್ಪ. ನೋಡ್ದೆ ಕಲ್ಲು ಬೀಸಿದ್ರೆ ನಿಮ್ಮ ಸೋದರಮಾವನ ತಲೆ ಒಡೀತಿತ್ತು" ಎಂದರು. ಇಬ್ಬರೂ ನಕ್ಕೆವು. ಅವರು ಹೇಳಿದ್ದನ್ನು ನಾನು ನಗುವುದಕ್ಕಷ್ಟೇ ಇಟ್ಟುಕೊಂಡೆ, ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.

ಇದಾಗಿ ಕೆಲವು ವರ್ಷಗಳಲ್ಲಿ ಎಲ್ಲರ ಕೈಗೂ ಸ್ಮಾರ್ಟ್ ಫೋನ್ ಬಂತು, ಮೋಸವೂ ಹೆಚ್ಚಿತು. ಹಳ್ಳಿಹಳ್ಳಿಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಗಳವರು, ಶಾಲೆಗಳವರು, ಸಂಘಗಳವರು ಸುಳ್ಳು ಸೈಟುಗಳಿಗೆ ಸಿಕ್ಕಿಬೀಳುತ್ತಿದ್ದರು. ರಾಜಶೇಖರಪ್ಪ ವಯಸ್ಸಾಗಿ ಅಂಗಡಿಗೆ ಬರುವುದು ಕಡಿಮೆಯಾಗಿತ್ತು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನ ನಮ್ಮ ಗಿರಾಕಿಗಳ ಆಪರೇಟರುಗಳನ್ನು ಸೇರಿಸಿ ನಾನೇ ಚಳ್ಳಕೆರೆಯಲ್ಲಿ ಒಂದು ದಿನದ ತರಬೇತಿ ಇಟ್ಟುಕೊಂಡೆ. ಮೂವತ್ತು ಜನರಾದರೂ ಬಂದಿದ್ದರು, ಎಲ್ಲರ ಮುಂದೆಯೂ ಒಂದೊಂದು ಕಂಪ್ಯೂಟರು.

ನಮ್ಮ ಆಂಟಿವೈರಸ್ಸಿನಲ್ಲಿ ಒಂದು ಗುಂಡಿಯಿತ್ತು. ಒಂದು ಪುಟ ಮೋಸದ್ದು ಎನಿಸಿದರೆ ಅದನ್ನು ಒತ್ತಬೇಕು, ಆಗ ಕಂಪನಿಗೆ ದೂರು ಹೋಗುತ್ತದೆ. ಒಂದೇ ಪುಟದ ಮೇಲೆ ಬಹಳ ದೂರು ಬಂದರೆ ಅದು ಎಲ್ಲ ಊರಿನ ಕಂಪ್ಯೂಟರಿನಲ್ಲೂ ಕೆಂಪಾಗುತ್ತದೆ. ಅದನ್ನು ತೋರಿಸಲು ನನಗೆ ಒಂದು ಉದಾಹರಣೆ ಬೇಕಿತ್ತು. ಹಿಂದಿನ ದಿನ ಹುಡುಕುವಾಗ ಒಂದು ಸೈಟು ಕಣ್ಣಿಗೆ ಬಿದ್ದಿತ್ತು. ಸೀರೆಯದಂತೆ, ಆದರೆ ಒಂದೂ ಪೂರ್ತಿ ಸೀರೆಯ ಚಿತ್ರವಿಲ್ಲ. ಅಂಗೈ ಅಗಲದ ಅಂಚು ಮಾತ್ರ ಕಾಣುತ್ತದೆ. ಕನ್ನಡದ ನಡುವೆ ತೆಲುಗು ಬೇರೆ. ಅದರ ಕೆಳಗೆ ಖಾನೆಗಳು: ಮದುಮಗಳ ಹೆಸರು, ಮನೆದೇವರು, ಮದುವೆಯ ದಿನ, ಮನೆಯ ವಿಳಾಸ. ಎಲ್ಲಕ್ಕಿಂತ ಕೊನೆಯಲ್ಲಿ ಒಂದು ಫೋನ್ ನಂಬರು.

ಆ ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆ. "ನೋಡ್ರಪ್ಪಾ, ಮಾರೋ ಸೀರೆ ತೋರ್ಸಲ್ಲ. ಹುಡುಗಿ ಹೆಸ್ರು ಕೇಳ್ತಾರೆ, ಮದ್ವೆ ಯಾವತ್ತು ಅಂತ ಕೇಳ್ತಾರೆ. ಅಂದ್ರೆ ಮನೆ ಬೀಗ ಹಾಕಿ ಎಲ್ಲರೂ ಛತ್ರಕ್ಕೆ ಹೋಗೋದು ಯಾವತ್ತು ಅಂತ ತಿಳ್ಕೊಳ್ತಾರೆ. ಕೊನೆಗೆ ಒಂದು ಫೋನ್ ನಂಬರು, ಬಲೆಗೆ ಬೀಳಿಸೋಕೆ" ಎಂದೆ. ನಂಬರನ್ನು ಗಟ್ಟಿಯಾಗಿ ಓದಿಯೂ ಹೇಳಿದೆ. ಎಲ್ಲರೂ ತಲೆದೂಗಿದರು. "ಈಗ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿ" ಎಂದೆ. ಎಲ್ಲರೂ ಒತ್ತಿದರು. ಆಮೇಲೆ ಊಟಕ್ಕೆ ಬಿಟ್ಟೆ. ಚಿತ್ರಾನ್ನ, ಮೊಸರನ್ನ ಮಾಡಿಸಿದ್ದೆ, ತರಬೇತಿ ಚೆನ್ನಾಗಿ ಆಯಿತೆಂದು ಎಲ್ಲರೂ ಹೊಗಳಿ ಹೋದರು.

ಒಂದು ತಿಂಗಳೂ ಆಗಿರಲಿಲ್ಲ. ಮೊಳಕಾಲ್ಮುರಿನ ಸಂಘಕ್ಕೆ ಹೋಗಿದ್ದಾಗ ವರಲಕ್ಷ್ಮಮ್ಮ ಎಂಬ ನೇಕಾರ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದರು. ನಲವತ್ತೈದರ ಆಸುಪಾಸು. ಬೆರಳ ತುದಿಗಳು ಬಣ್ಣ ಕುಡಿದು ನೇರಳೆಯಾಗಿದ್ದವು. "ಸಾರ್, ಕಂಪ್ಯೂಟರ್ ಸರಿಮಾಡೋರು ನೀವೇ ಅಂತೆ. ನಮ್ಮನೇಗೆ ಒಂದು ಗಳಿಗೆ ಬರ್ತೀರಾ? ನನ್ ಸೈಟ್‌ಗೆ ಏನೋ ಆಗೈತೆ" ಎಂದರು.

ಮನೆ ಹತ್ತಿರವೇ ಇತ್ತು. ಪಡಸಾಲೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಗಂಡ ನೇಯುತ್ತಿದ್ದರು, ಇನ್ನೊಂದು ನಿಂತಿತ್ತು. ನಿಂತ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ, ಗೋರಂಟಿ ಬಣ್ಣದ ಮೈ, ಹಸಿರು ಅಂಚು. ಮಗ್ಗದ ಅಡ್ಡಮರಕ್ಕೆ ಅರಿಶಿನ ಹಚ್ಚಿದ ಒಂದು ಚೀಟಿಯನ್ನು ದಾರದಲ್ಲಿ ಕಟ್ಟಿದ್ದರು. ಅದರಲ್ಲಿ "ಚೈತ್ರಾ" ಎಂದು ಬರೆದಿತ್ತು.

ಕಂಪ್ಯೂಟರು ಹಳೆಯದು. ಅವರ ತಂಗಿಯ ಮಗಳು ಕಾಲೇಜಿನಲ್ಲಿ ಕಲಿತದ್ದನ್ನು ಇಟ್ಟುಕೊಂಡು ಸೈಟು ಮಾಡಿಕೊಟ್ಟಿದ್ದಳಂತೆ. ತೆರೆದ ಕೂಡಲೇ ಪರದೆ ಕೆಂಪಾಯಿತು. ಇದು ಮೋಸದ ತಾಣ, ನಿಮ್ಮ ಖಾಸಗಿ ವಿವರ ಕದಿಯಬಹುದು ಎಂಬ ಎಚ್ಚರಿಕೆ. ನನ್ನ ಹಳೆಯ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಏನಮ್ಮಾ ಹಾಕಿದ್ದೀರಿ ಇದ್ರೊಳಗೆ?" ಎಂದು ಗದರಿದೆ. ಆಕೆ ಗಾಬರಿಯಾಗಿ, "ಏನೂ ಇಲ್ಲ ಸಾರ್, ನೀವೇ ನೋಡ್ರಿ" ಎಂದರು. ಎಚ್ಚರಿಕೆಯನ್ನು ದಾಟಿ ಪುಟ ತೆರೆದೆ. ಅಂಗೈ ಅಗಲದ ಅಂಚು. ಮದುಮಗಳ ಹೆಸರು. ಮನೆದೇವರು. ಮದುವೆಯ ದಿನ.

ಮೌಸಿನ ಮೇಲಿಟ್ಟ ಬೆರಳು ಅಲ್ಲೇ ನಿಂತಿತು.

ಅವರು ನನ್ನ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ಅವರ ಅತ್ತೆಯ ಕಾಲದಿಂದ ಆ ಮನೆಯ ರೂಢಿ ಅದು. ಧಾರೆ ಸೀರೆ ನೇಯುವಾಗ ಮೊದಲು ಹೆಣ್ಣಿನ ಹೆಸರು, ಮನೆದೇವರು, ಮದುವೆಯ ದಿನ ಕೇಳಬೇಕು. ಆ ಹೆಸರನ್ನು ಚೀಟಿಯಲ್ಲಿ ಬರೆದು ಮಗ್ಗಕ್ಕೆ ಕಟ್ಟಿ, ಆಮೇಲೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಬೇಕು. ಒಬ್ಬಳ ಹೆಸರಿನಲ್ಲಿ ಹೂಡಿದ್ದನ್ನು ಇನ್ನೊಬ್ಬಳಿಗೆ ನೇಯುವಂತಿಲ್ಲ. ಪೂರ್ತಿ ಸೀರೆಯ ಚಿತ್ರ ಏಕೆ ಹಾಕಿಲ್ಲವೆಂದರೆ, ಹಾಕಿದರೆ ವಾರದೊಳಗೆ ಪವರ್ ಲೂಮಿನವರು ಅದೇ ನಕ್ಷೆಯನ್ನು ಕದ್ದು ನೇಯುತ್ತಾರೆ. ಒಂದೊಂದಕ್ಕೂ ಕಾರಣವಿತ್ತು. ತರಬೇತಿಯಲ್ಲಿ ನಾನು ಒಂದೊಂದನ್ನೂ ಮೋಸದ ಗುರುತು ಎಂದು ಎಣಿಸಿ ತೋರಿಸಿದ್ದೆ.

"ಈ ಚೈತ್ರಾನ ಮನೆಯೋರು ರಾಯಚೂರಿನೋರು ಸಾರ್. ವಾರವಾರ ನೇಯ್ದಷ್ಟು ಫೋಟೋ ಹಾಕ್ತಿದ್ದೆ, ಅವ್ರು ನೋಡಿ ಖುಷಿ ಪಡ್ತಿದ್ರು. ಹೋದ ವಾರ ಇದು ಕೆಂಪಾಗಿ ಬಂದೈತೆ. ಹೆದ್ರಿಬಿಟ್ಟಾರೆ. ಮಗಳ ಹೆಸ್ರು, ಮನೆ ವಿಳಾಸ ಎಲ್ಲಾ ಕೊಟ್ಟೀವಿ, ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ ಅಂತಾರೆ. ನಾನು ಎಷ್ಟು ಹೇಳಿದ್ರೂ, ಮೋಸ ಮಾಡೋರು ಹಿಂಗೇ ನಯವಾಗಿ ಮಾತಾಡೋದು ಅಂತಾರೆ. ಮದ್ವೆಗೆ ಇನ್ನು ಇಪ್ಪತ್ತೆರಡು ದಿನ ಐತೆ. ಹದಿನೈದು ದಿನ ಸಿಕ್ಕಿದ್ರೆ ನೇಯ್ದು ಮುಗಿಸ್ತೀನಿ. ಅವ್ರು ಒಂದ್ಸಲ ಹ್ಞೂಂ ಅಂದ್ರೆ ಸಾಕು" ಎಂದರು. ಮೂಲೆಯಲ್ಲಿ ಕೂತಿದ್ದ ಅತ್ತೆ ತೆಲುಗಿನಲ್ಲಿ, "ಪೇರು ಚೆಡಿಪೋಯಿಂದಿ ನಾಯನಾ" ಎಂದರು. ಹೆಸರು ಕೆಟ್ಟುಹೋಯಿತಪ್ಪಾ ಎಂದು.

"ಯಾಕೆ ಹಿಂಗಾಯ್ತು ಅಂತ ಗೊತ್ತಾಯ್ತಾ ಸಾರ್?" ಎಂದು ವರಲಕ್ಷ್ಮಮ್ಮ ಕೇಳಿದರು.

"ಏನೋ ಕಂಪನಿಯೋರ ತಪ್ಪಿರ್ಬೇಕು. ಬರೆದು ಹಾಕ್ತೀನಿ, ತೆಗೀತಾರೆ" ಎಂದೆ.

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಆಶ್ಚರ್ಯವಾಯಿತು. ಚಳ್ಳಕೆರೆಗೆ ಬಂದವನೇ ಕಂಪನಿಗೆ ಉದ್ದನೆಯ ಮೇಲ್ ಬರೆದೆ. ಈ ತಾಣ ನಿಜವಾದದ್ದು, ನಾನೇ ಕಣ್ಣಾರೆ ಮಗ್ಗ ನೋಡಿ ಬಂದಿದ್ದೇನೆ, ದಯವಿಟ್ಟು ತೆಗೆಯಿರಿ ಎಂದು ಬರೆದೆ. ದೂರು ಕೊಟ್ಟವರು ನಾವೇ ಎಂಬುದನ್ನು ಅಲ್ಲಿಯೂ ಬರೆಯಲಿಲ್ಲ. ಪರಿಶೀಲನೆಯಲ್ಲಿದೆ ಎಂದು ಯಂತ್ರವೇ ಕಳಿಸಿದ ಉತ್ತರ ಬಂತು. ಎರಡು ದಿನ ಬಿಟ್ಟು ಮತ್ತೆ ಬರೆದೆ. ಮತ್ತೆ ಅದೇ ಉತ್ತರ.

ವರಲಕ್ಷ್ಮಮ್ಮ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. "ಏನಾದ್ರೂ ಬಂತಾ ಸಾರ್?" ಅಷ್ಟೇ ಕೇಳುತ್ತಿದ್ದರು. ನಾಲ್ಕನೇ ದಿನ ಇನ್ನೊಂದು ಮಾತು ಕೇಳಿದರು. "ಅಣ್ಣಾ, ರಾಯಚೂರಿನೋರಿಗೆ ನೀವೊಂದು ಫೋನ್ ಮಾಡ್ತೀರಾ? ನನ್ ಮಾತು ನಂಬಲ್ಲ. ನೀವು ಕಂಪ್ಯೂಟರ್ ತಿಳ್ದೋರು, ಹೆಂಗಾಯ್ತು ಅಂತ ಬಿಡಿಸಿ ಹೇಳಿದ್ರೆ ನಂಬ್ತಾರೆ."

ಅದೊಂದು ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು. ಹೀಗೆ ಹೀಗೆ, ತಪ್ಪು ನನ್ನದು, ಆ ಹೆಣ್ಣುಮಗಳದಲ್ಲ ಎಂದು ನಾನು ಹೇಳಿದ್ದರೆ ಯಾರಾದರೂ ನಂಬುತ್ತಿದ್ದರು. ತನ್ನ ಮೇಲೆ ತಾನೇ ಸುಳ್ಳು ತಪ್ಪು ಹೊರಿಸಿಕೊಳ್ಳುವವರು ಯಾರಿದ್ದಾರೆ? ಆದರೆ ಹೇಗಾಯಿತು ಎಂದು ಬಿಡಿಸಿ ಹೇಳಬೇಕಾದದ್ದೇ ನನಗೆ ಬೇಡವಾಗಿತ್ತು. ಅದು ರಾಯಚೂರಿನಿಂದ ಮೊಳಕಾಲ್ಮುರಿಗೆ ಬರುತ್ತದೆ, ಅಲ್ಲಿಂದ ಸಂಘಕ್ಕೆ, ಸಂಘದಿಂದ ತರಬೇತಿಗೆ ಬಂದ ಅಷ್ಟೂ ಜನಕ್ಕೆ. ಬೀಗದ ಪಾಲಯ್ಯನೇ ಹೀಗೆ ಮಾಡಿದನಂತೆ ಎಂದು ಎರಡು ತಾಲ್ಲೂಕು ನಗುತ್ತದೆ. "ಕಂಪನಿ ಕಾಗದ ಬರ್ಲಿ ತಾಯಿ, ಅದಿಲ್ದೆ ನಾನೇನು ಹೇಳಿದ್ರೂ ತೂಕ ಇರಲ್ಲ" ಎಂದೆ. ಆಕೆ ನಂಬಿದರು. "ಆಯ್ತಣ್ಣ, ನೀವು ಹೇಳಿದಂಗೆ" ಎಂದರು.

ಅವರು ಹಾಗೆ ನಂಬಿದ್ದೇ ನನಗೆ ಹೆಚ್ಚು ಹಿಂಸೆಯಾಯಿತು. ಊಟ ರುಚಿಸುತ್ತಿರಲಿಲ್ಲ. ಹೆಂಡತಿ ಕೇಳಿದರೆ ಸಿಡುಕುತ್ತಿದ್ದೆ. ದಿನಕ್ಕೆ ಹತ್ತು ಸಲ ಆ ಪುಟವನ್ನು ತೆರೆದು, ಕೆಂಪು ಹೋಯಿತೇ ಎಂದು ನೋಡುತ್ತಿದ್ದೆ. ಕೆಂಪು ಹೋಗಿಬಿಟ್ಟರೆ ಯಾರಿಗೂ ಏನೂ ತಿಳಿಯದೆ ಮುಗಿದುಹೋಗುತ್ತದೆ ಎಂಬುದೊಂದೇ ಆಸೆ. ಒಂದು ದಿನ ತಡೆಯಲಾರದೆ ರಾಜಶೇಖರಪ್ಪನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಹಾಸಿಗೆಯಲ್ಲಿ ಕೂತಿದ್ದರು, ಬಿಳಿ ಅಂಗಿಯೇ. ಪೂರ್ತಿ ಕೇಳಿ, "ಆವತ್ತು ನಕ್ಷೆ ಹೋದಾಗ ನೀನು ಓಡ್ಬಂದು ನಂಗೆ ಹೇಳ್ದೆ ಕಣಲೇ. ಅದಕ್ಕೇ ನಿನ್ನ ಕೆಲಸದಲ್ಲಿ ಉಳಿಸ್ಕೊಂಡೆ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದರು.

ಆಗಲೂ ನಾನು ಫೋನ್ ಮಾಡಲಿಲ್ಲ. ನಾಳೆ ಮಾಡಿದರಾಯಿತು, ನಾಳೆಯೊಳಗೆ ಕಂಪನಿಯ ಉತ್ತರ ಬರಬಹುದು ಎಂದುಕೊಂಡೆ. ಹಾಗೇ ದಿನ ಕಳೆದವು.

ಹದಿನೈದನೇ ದಿನ ಬೆಳಿಗ್ಗೆ ಕೆಂಪು ಹೋಗಿತ್ತು. ಕಂಪನಿಯವರ ಉತ್ತರ ಎರಡೇ ಸಾಲು. ತಾಣದಲ್ಲಿ ದೋಷವಿಲ್ಲ, ತಡೆ ತೆಗೆಯಲಾಗಿದೆ. ಯಾರದು ತಪ್ಪು ಎಂಬ ಮಾತೇ ಇರಲಿಲ್ಲ. ಆ ಎರಡು ಸಾಲನ್ನು ಪ್ರಿಂಟ್ ತೆಗೆದುಕೊಂಡು ಮೊದಲ ಬಸ್ಸು ಹಿಡಿದೆ. ಬಿ.ಜಿ.ಕೆರೆ ದಾಟುವಾಗ, ಬಹಳ ದಿನಗಳ ಮೇಲೆ ಹೊರಗಿನ ಬಂಡೆಗುಡ್ಡಗಳನ್ನು ನೋಡಿದೆ. ಮದುವೆಗೆ ಇನ್ನೂ ಒಂದು ವಾರವಿದೆ, ಗಂಡ ಹೆಂಡತಿ ಸೇರಿ ನೇಯ್ದರೆ ಆದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಯೊಳಗೆ ಹೋದಾಗ ಗಂಡನ ಮಗ್ಗ ಎಂದಿನಂತೆ ಸದ್ದು ಮಾಡುತ್ತಿತ್ತು. ಎರಡನೆಯ ಮಗ್ಗದಲ್ಲಿ ಸೀರೆ ಇರಲಿಲ್ಲ. ವರಲಕ್ಷ್ಮಮ್ಮ ಕಾಗದವನ್ನು ಎರಡು ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ, "ಅವ್ರು ನಿನ್ನೆ ಬೇರೆ ಸೀರೆ ತಗೊಂಡ್ರಂತಣ್ಣ. ನಿಮ್ಮ ಸೀರೆನೂ ಬ್ಯಾಡ, ನಿಮ್ಮ ಸಹವಾಸನೂ ಬ್ಯಾಡ ಅಂದ್ರು. ಸಂಜೆ ಕತ್ತರಿಸಿ ತೆಗ್ದೆ" ಎಂದರು. ಅರ್ಧ ಸೀರೆ ಬಿಳಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿತ್ತು. ಅರಿಶಿನದ ಚೀಟಿಯನ್ನೂ ಅದರ ಮೇಲೆಯೇ ಇಟ್ಟಿದ್ದರು.

ನನಗಾಗಿ ಕಾಫಿ ತಂದರು. ಹಬ್ಬಕ್ಕೆ ತೆಗೆಯುವ ಸ್ಟೀಲ್ ಲೋಟ ಇರಬೇಕು, ಹೊಳೆಯುತ್ತಿತ್ತು. "ನೀವು ಎಷ್ಟು ಓಡಾಡಿದ್ರಿ ನಮಗೋಸ್ಕರ" ಎಂದರು. ಆ ಮಾತು ಕೇಳಿ ಕಾಫಿ ಕುಡಿಯಲು ನನ್ನಿಂದ ಆಗಲಿಲ್ಲ. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ತರಬೇತಿ, ಗೋಡೆಯ ಮೇಲೆ ತೋರಿಸಿದ್ದು, ಒಟ್ಟಿಗೆ ಗುಂಡಿ ಒತ್ತಿಸಿದ್ದು, ಮೊದಲ ದಿನವೇ ಇದೇ ಕುರ್ಚಿಯಲ್ಲಿ ಕೂತಾಗ ನನಗೆ ಗೊತ್ತಾಗಿದ್ದು. ಎಲ್ಲ.

ಗಂಡನ ಲಾಳಿ ನಿಂತಿತು. ವರಲಕ್ಷ್ಮಮ್ಮ ನೇರಳೆ ಬೆರಳುಗಳಿಂದ ಆ ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಗುಂಡಿ ಒತ್ತೋ ಮುಂಚೆ ನನ್ ನಂಬರ್ ನೋಡಿರ್ಲಿಲ್ವಾ ಅಣ್ಣ? ಪುಟದ ಕೊನೇಲಿ ಇತ್ತಲ್ಲ."

"ನೋಡಿದ್ದೆ."

"ಒಂದು ಫೋನ್ ಮಾಡ್ಬೋದಿತ್ತು. ನಾವು ಒಂದು ಎಳೆ ಹಾಕೋಕೂ ಮುಂಚೆ ಹೆಣ್ಣಿನ ಹೆಸ್ರು ಕೇಳ್ತೀವಿ. ನೀವು ನನ್ ಹೆಸ್ರು ಕೇಳ್ಲೇ ಇಲ್ಲ."

ಕಾಗದವನ್ನು ಪಕ್ಕಕ್ಕಿಟ್ಟು ಅವರೇ ಮುಂದುವರಿಸಿದರು. "ಅದು ಹೋಗ್ಲಿ, ಗೊತ್ತಿಲ್ದೆ ಮಾಡಿದ್ರಿ. ಈ ಹದಿನೈದು ದಿನ ಗೊತ್ತಿದ್ದೇ ಸುಮ್ಮನಿದ್ರಲ್ಲ ಅಣ್ಣ. ಅಷ್ಟು ದಿನದಲ್ಲಿ ಸೀರೆ ಮುಗೀತಿತ್ತು" ಎಂದರು. ದನಿ ಏರಿಸಲಿಲ್ಲ.

ಅವರ ಎದುರಿನಲ್ಲೇ ರಾಯಚೂರಿಗೆ ಫೋನ್ ಮಾಡಿದೆ. ಹೆಣ್ಣಿನ ತಂದೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಒಂದೇ ಸಲಕ್ಕೆ ನಂಬಿದರು, ನಾನು ಮೊದಲೇ ಎಣಿಸಿದ್ದ ಹಾಗೆ. "ಇದನ್ನ ಮೊದ್ಲೇ ಹೇಳಬಾರ್ದಾಗಿತ್ತೇನ್ರಿ? ಆ ತಾಯೀಗೆ ನಾವು ಎಷ್ಟ್ ಅಂದ್ವಿ" ಎಂದರು. ಸೀರೆ ಬದಲಿಸಲು ಇನ್ನು ಆಗುವುದಿಲ್ಲವೆಂದೂ, ವರಲಕ್ಷ್ಮಮ್ಮನ ಹತ್ತಿರ ತಪ್ಪಾಯಿತು ಎನ್ನುತ್ತೇನೆಂದೂ ಹೇಳಿ ಅವರಿಗೆ ಫೋನ್ ಕೊಡಲು ಕೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹ್ಞೂಂ ಹ್ಞೂಂ ಎನ್ನುತ್ತ ಕೇಳಿಸಿಕೊಂಡರು. ಕೊನೆಗೆ, "ಮದ್ವೆ ಚೆನ್ನಾಗಿ ಮಾಡ್ರಿ. ಚೈತ್ರಾಗೆ ಒಳ್ಳೇದಾಗ್ಲಿ" ಎಂದರು.

ನಾನು ಏಳುವಾಗ ತಡೆದರು. ಸೈಟಿನಲ್ಲಿ, ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿಕೊಡಬೇಕು ಎಂದರು. ಅವರು ಹೇಳಿದರು, ನಾನು ಟೈಪ್ ಮಾಡಿದೆ. "ಅನುಮಾನ ಬಂದರೆ ಮೊದಲು ನಮಗೆ ಫೋನ್ ಮಾಡಿ. ನಾವು ಎತ್ತುತ್ತೇವೆ." ಅದರ ಪಕ್ಕದಲ್ಲಿ ನಂಬರು. ಆಕೆ ಬಗ್ಗಿ ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿ, ಸರಿಯಿದೆ ಎಂದರು.

ಅದೇ ವಾರ ತರಬೇತಿಗೆ ಬಂದಿದ್ದವರನ್ನೆಲ್ಲ ಮತ್ತೆ ಕರೆದೆ. ಅದೇ ಕೋಣೆ, ಅದೇ ಗೋಡೆ, ಅದೇ ಪುಟ. ಈ ಸಲ ಒಂದೊಂದು ಖಾನೆ ಏಕಿದೆ ಎಂದು ಹೇಳಿದೆ, ನಾನೇನು ಮಾಡಿದೆ ಎಂದೂ ಹೇಳಿದೆ. ಕೆಲವರು ನಕ್ಕರು. ನಾನು ಹೆದರಿದ್ದಷ್ಟು ನಗು ಅದಾಗಿರಲಿಲ್ಲ. ಆ ನಗುವಿಗೆ ಹೆದರಿ ಹದಿನೈದು ದಿನ ಕಳೆದಿದ್ದೆನಲ್ಲ ಎಂದು ನಾಚಿಕೆಯಾಯಿತು. ಬೀಗದ ಗುಟ್ಟಿನ ಪದವನ್ನೂ ಆವತ್ತೇ ಎಲ್ಲರಿಗೂ ಬರೆದು ಕೊಟ್ಟೆ.

ವರಲಕ್ಷ್ಮಮ್ಮ ಆಮೇಲೂ ಕಂಪ್ಯೂಟರು ಕೆಟ್ಟಾಗ ನನ್ನನ್ನೇ ಕರೆಸುತ್ತಿದ್ದರು. ಒಮ್ಮೆಯೂ ಹಳೆಯ ಮಾತು ಎತ್ತಲಿಲ್ಲ. ಬಿಳಿ ಬಟ್ಟೆಯ ಗಂಟು ಮಾತ್ರ ಆ ಗೂಡಿನಲ್ಲಿಯೇ ಇತ್ತು, ನನಗೆ ಪ್ರತಿ ಸಲವೂ ಕಾಣುತ್ತಿತ್ತು.

ಎರಡು ಮಾತಿನಲ್ಲಿ ಹೇಳಬಹುದು ಎಂದಿದ್ದೆನಲ್ಲ. ಕೆಂಪು ಪುಟ ಬಂದರೆ ಮೊದಲು ಕಂಪ್ಯೂಟರಿನ ತಾರೀಖು ನೋಡಿ. ಆಮೇಲೆ ಆ ತಾಣದ ಹಿಂದೆ ಯಾರಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಕಳ್ಳರಾದರೆ ಸಿಕ್ಕಿಬೀಳುತ್ತಾರೆ. ನೆಂಟರಾದರೆ ತಲೆ ಉಳಿಯುತ್ತದೆ.

ಹೋದ ತಿಂಗಳು ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಆ ಸೈಟು ತೆರೆದೆ. ಮೇಲಿನ ಸಾಲು ಹಾಗೇ ಇತ್ತು. ಏಕೆಂದು ನನಗೂ ಗೊತ್ತಿಲ್ಲ, ಪಕ್ಕದ ನಂಬರನ್ನು ಒತ್ತಿದೆ. ನನ್ನ ಈಗಿನ ನಂಬರು ಅವರಿಗೆ ತಿಳಿಯದು. ಎರಡು ಸಲ ರಿಂಗಾಯಿತು, ಎತ್ತಿದರು.

"ಹೇಳ್ರಿ, ಯಾರ ಮನೆ ಮದ್ವೆ? ಮದುಮಗಳ ಹೆಸ್ರೇನು?"

ಹಿಂದಿನಿಂದ ಲಾಳಿಯ ಸದ್ದು ಕೇಳಿಸುತ್ತಿತ್ತು. ಎರಡೇ ರಿಂಗು. ಆ ದಿನ ತರಬೇತಿಯ ಕೋಣೆಯಲ್ಲಿ ನಾನು ಈ ನಂಬರು ಒತ್ತಿ ಅಷ್ಟು ಹೊತ್ತು ಕಾದಿದ್ದರೆ ಸಾಕಿತ್ತು.